ಶನಿವಾರಸಿದ್ಧಿ

ಊರಿಗೊಬ್ಬ ರಿಪೇರಿಯವನು ಇದ್ದೇ ಇರುತ್ತಾನೆ. ನಮ್ಮ ಉಚ್ಚಂಗಿದುರ್ಗದಲ್ಲಿ ಅಂಥವರು ನಾಲ್ಕೈದು ಮಂದಿ. ಆದರೆ ಫಿಟ್ಟರ್ ದೊಡ್ಡಪ್ಪ ಆ ಪೈಕಿ ಅಲ್ಲ. ರಿಪೇರಿಯವನು ಕೆಟ್ಟದ್ದನ್ನು ಸರಿಮಾಡಿ ದುಡ್ಡು ಈಸಿಕೊಳ್ಳುತ್ತಾನೆ. ದೊಡ್ಡಪ್ಪ ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಇಳಿಸಿ, ‘ಇದು ಯಾಕ ಕೆಟ್ಟಿಲ್ಲ?’ ಎಂದು ಬಿಚ್ಚಿ ನೋಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಹಾಗಾಗಿ ಫ್ಯಾನಿನ ಯಜಮಾನನಿಗೆ ಬೈಯಲೂ ಬಾಯಿ ಬರುವುದಿಲ್ಲ.

ಇಂಥವರನ್ನು ನೀವೂ ಕಂಡಿರುತ್ತೀರಿ. ಅಂಗಿ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಸ್ಕ್ರೂಡ್ರೈವರ್, ಉಗುರಿನ ಸಂದಿಯಲ್ಲಿ ಗ್ರೀಸು, ಮನೆಯ ಮಾಡಿನ ತುಂಬ ‘ಮುಂದೆ ಬೇಕಾದೀತು’ ಎಂದು ಕೂಡಿಟ್ಟ ಬೇರಿಂಗು, ಬುಷ್ಷು, ನಟ್ಟು. ಗುಜರಿಯವನು ಇವರ ಮನೆಗೆ ಕೊಳ್ಳಲು ಬರುವುದಿಲ್ಲ, ಮಾರಲು ಬರುತ್ತಾನೆ.

ದೊಡ್ಡಪ್ಪ ದುಡಿದದ್ದು ದಾವಣಗೆರೆಯ ಹತ್ತಿಗಿರಣಿಯಲ್ಲಿ. ಆ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಜೊತೆಗಾರರು ಬಂದ ಹಣದಲ್ಲಿ ಆಟೋ ಕೊಂಡರು, ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಇಟ್ಟರು. ದೊಡ್ಡಪ್ಪ ಒಂದು ಹಳೆಯ ಲೇತ್ ಕೊಂಡರು, ಅದೂ ಕಿಲೋ ಲೆಕ್ಕದಲ್ಲಿ. ಟ್ರಾಕ್ಟರಿನಲ್ಲಿ ಅದು ಊರಿಗೆ ಬಂದ ದಿನ ಕೊಟ್ಟಿಗೆಯಿಂದ ಎಮ್ಮೆ ಹೊರಗೆ ಬಿತ್ತು. ‘ಎಮ್ಮಿ ಹಾಲರ ಕೊಡತಿತ್ತು’ ಎಂದು ದೊಡ್ಡವ್ವ ಅಂದು ಹೇಳಿದ ಮಾತನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಆ ಲೇತಿನ ಮೇಲೆ ದೊಡ್ಡಪ್ಪ ಗಡಿಯಾರ ಕಟ್ಟುತ್ತಿದ್ದಾರೆ. ಕೊಂಡು ತಂದು ಜೋಡಿಸುವುದಲ್ಲ. ಹಿತ್ತಾಳೆ ತಗಡಿನಿಂದ ಚಕ್ರ ಕೊಯ್ದು, ಉಕ್ಕಿನ ಸಲಾಕೆಯಿಂದ ಅಚ್ಚು ತಿರುವಿ, ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿ ಮಾಡುವ ಲೋಲಕದ ಗಡಿಯಾರ. ಹಾಗೆಂದು ಅವರಿಗೆ ಗಡಿಯಾರಕ್ಕೆ ಗತಿಯಿಲ್ಲವೆಂದಲ್ಲ. ಕೈಯಲ್ಲಿ ಎಚ್‌ಎಂಟಿ ಜನತಾ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ಕೈಗಡಿಯಾರ ಶುರು ಮಾಡಿದ ಎಚ್‌ಎಂಟಿಯ ತುಮಕೂರು ಕಾರ್ಖಾನೆ 2016ರಲ್ಲಿ ಮುಚ್ಚಿತು. ದೊಡ್ಡಪ್ಪ ದಿನಾ ಬೆಳಿಗ್ಗೆ ಕೀಲಿ ಕೊಡುತ್ತಾ, ‘ಕಾರ್ಖಾನಿ ನಿಂತೈತಿ, ವಾಚ್ ನಿಂತಿಲ್ಲ ನೋಡು’ ಎನ್ನುತ್ತಾರೆ.

ಗಡಿಯಾರದ ಲೆಕ್ಕವನ್ನು ಅವರ ಬಾಯಲ್ಲೇ ಕೇಳಬೇಕು. ಲೋಲಕ ಈ ಕಡೆಯಿಂದ ಆ ಕಡೆಗೆ ಹೋಗಲು ಒಂದು ಸೆಕೆಂಡು. ಅದು ಆಡಿದಂತೆಲ್ಲ ಮೇಲಿನ ಕೊಂಡಿಯೊಂದು ಮೂವತ್ತು ಹಲ್ಲಿನ ಚಕ್ರವನ್ನು ಹಿಡಿಯುತ್ತದೆ, ಬಿಡುತ್ತದೆ. ಹಲ್ಲಿಗೆರಡು ಟಿಕ್ಕು, ಮೂವತ್ತು ಹಲ್ಲಿಗೆ ಅರವತ್ತು. ಅಲ್ಲಿಗೆ ಚಕ್ರ ನಿಮಿಷಕ್ಕೊಂದು ಸುತ್ತು. ಅಲ್ಲಿಂದ ಗಂಟೆಗೊಂದು ಸುತ್ತಿಗೆ ಇಳಿಯಲು ಎಂಟು ಹಲ್ಲಿನ ಪಿನಿಯನ್ ಎರಡು, 64 ಮತ್ತು 60 ಹಲ್ಲಿನ ಚಕ್ರ ಒಂದೊಂದು. ಎಂಟನ್ನು ಏಳೂವರೆಯಿಂದ ಗುಣಿಸಿದರೆ ಅರವತ್ತು. ಇಷ್ಟನ್ನೂ ತಿರುಗಿಸುವುದು ಕಿರಾಣಿ ಅಂಗಡಿಯವರು ಎಲೆಕ್ಟ್ರಾನಿಕ್ ತಕ್ಕಡಿ ತಂದಮೇಲೆ ಕೆಲಸ ಕಳೆದುಕೊಂಡ ಐದು ಕಿಲೋ ತೂಕದ ಕಲ್ಲು. ‘ಓಡ್ಸಾಕ ಕಲ್ಲು ಸಾಕಲೇ ತಮ್ಮಾ, ತಡಿಯಾಕ ಬುದ್ಧಿ ಬೇಕು’ ಎಂದು ದೊಡ್ಡಪ್ಪ ಇಡೀ ವಿದ್ಯೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ.

64 ಹಲ್ಲಿನ ಚಕ್ರ ಸಲೀಸಾಗಿ ಆಯಿತು. ಚಕ್ರದ ಸುತ್ತಳತೆಯಷ್ಟು ಕಾಗದದ ಪಟ್ಟಿಯನ್ನು ಆರು ಸಲ ಮಡಿಸಿದರೆ ಅರವತ್ತನಾಲ್ಕು ಸಮಭಾಗ. ಅದನ್ನು ಸುತ್ತಿ ಗುರುತು ಹಾಕಿಕೊಂಡರೆ ಮುಗಿಯಿತು. ಅರವತ್ತು ಮಾತ್ರ ಮಡಿಕೆಗೆ ಸಿಗಲಿಲ್ಲ. ಹೈಸ್ಕೂಲಿನ ಗಣಿತದ ಮೇಷ್ಟ್ರು ಕೈವಾರ ಹಿಡಿದು ಬಂದು, ವೃತ್ತವನ್ನು ಆರು ಭಾಗ ಮಾಡುವುದು ಸುಲಭ, ಐದು ಭಾಗ ಮಾಡುವುದು ಸ್ವಲ್ಪ ಕಷ್ಟ, ಎರಡೂ ಕೂಡಿದರೆ ಮೂವತ್ತು, ಅವನ್ನು ಅರ್ಧರ್ಧ ಮಾಡಿದರೆ ಅರವತ್ತು ಎಂದು ಅರ್ಧ ದಿನ ವಿವರಿಸಿದರು. ದೊಡ್ಡಪ್ಪ ತಲೆದೂಗಿ, ಅವರನ್ನು ಚಾ ಕುಡಿಸಿ ಕಳಿಸಿ, ತಮ್ಮ ಕಣ್ಣಂದಾಜಿನಲ್ಲೇ ಕೊಯ್ದರು. ಕೊನೆಗೆ ಎಣಿಸಿದರೆ ಐವತ್ತೊಂಬತ್ತೂವರೆ ಹಲ್ಲು. ಆ ಚಕ್ರ ಈಗ ಅಡುಗೆಮನೆಯಲ್ಲಿದೆ; ದೊಡ್ಡವ್ವ ಸುಡುವ ಸಾರಿನ ಪಾತ್ರೆಯನ್ನು ಅದರ ಮೇಲೆ ಇಳಿಸುತ್ತಾರೆ. ಮರುದಿನವೇ ಮೇಷ್ಟ್ರಿಗೆ ಮತ್ತೆ ಹೇಳಿಕಳಿಸಲಾಯಿತು.

ಅಂದಿನಿಂದ ದೊಡ್ಡಪ್ಪನಿಗೆ ‘ಸುಮಾರು’ ಎಂಬ ಮಾತನ್ನು ಕಂಡರೆ ಆಗದು. ಬಡಿಗೇರ ಸೂತದಲ್ಲಿ ಅಳೆದರೆ ಇವರು ತೌನಲ್ಲಿ, ಅಂದರೆ ಇಂಚಿನ ಸಾವಿರದ ಒಂದು ಭಾಗದಲ್ಲಿ, ಅಳೆಯುತ್ತಾರೆ. ಬಸ್ ಎಷ್ಟೊತ್ತಿಗೆ ಎಂದು ಕೇಳಿದಾಗ ಯಾರಾದರೂ ‘ಹತ್ತೂವರಿ ಸುಮಾರಿಗೆ’ ಎಂದರೆ, ‘ಸುಮಾರು ಅಂದ್ರ ಈ ಕಡಿ ಎಷ್ಟು, ಆ ಕಡಿ ಎಷ್ಟು?’ ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಿಂತವರಿಗೆ ಬಸ್ಸು ತಪ್ಪಿದ ಉದಾಹರಣೆಗಳಿವೆ.

ಮದುವೆ ಮನೆಯಲ್ಲಿ ಇದು ಇನ್ನೂ ಕಷ್ಟ. ನಮ್ಮ ದೇಶದ ಗಡಿಯಾರಗಳೆಲ್ಲ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ದುರ್ಗ ಇರುವುದು ಎಪ್ಪತ್ತಾರರ ಆಸುಪಾಸಿನಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಗಡಿಯಾರದಲ್ಲಿ ಹನ್ನೆರಡಾದ ಮೇಲೆ ನಮ್ಮ ಸೂರ್ಯ ನೆತ್ತಿಗೆ ಬರಲು ಸರಾಸರಿ 26 ನಿಮಿಷ ಬೇಕು. ಇದನ್ನು ತಿಳಿದ ದೊಡ್ಡಪ್ಪ ಒಂದು ಮದುವೆಯಲ್ಲಿ, ಅಕ್ಕಿಕಾಳು ಎಲ್ಲರ ಕೈಯಲ್ಲಿರುವಾಗ, ಮುಹೂರ್ತ ಇನ್ನೂ ಬಂದಿಲ್ಲವೆಂದು ತಕರಾರು ತೆಗೆದರು. ಅಯ್ಯನೋರು ಶಾಂತವಾಗಿ, ‘ಸೂರ್ಯ ಉಪಾಸ ಇರತಾನ ಫಿಟ್ಟರೇ, ಬೀಗರು ಇರಂಗಿಲ್ಲ’ ಎಂದು ಅಕ್ಕಿಕಾಳು ಹಾಕಿಸಿಯೇ ಬಿಟ್ಟರು.

ಲೋಲಕದ ಕತೆ ಬೇರೆಯೇ. ಇಂಗ್ಲಿಷ್ ಪುಸ್ತಕದಲ್ಲಿ 99.4 ಸೆಂಟಿಮೀಟರ್ ಎಂದಿತ್ತು. ವರ್ನಿಯರ್ ಹಿಡಿದು ಹಾಗೆಯೇ ಮಾಡಿದರು. ದಿನಕ್ಕೆ ಎರಡು ನಿಮಿಷ ಹಿಂದೆ ಬಿತ್ತು. ಹಲ್ಲು ಉಜ್ಜಿದರು, ಎಣ್ಣೆ ಬದಲಿಸಿದರು, ವೋಲ್ಟೇಜ್ ಏರಿಳಿದು ಲೇತ್ ಕೆಟ್ಟದಾಗಿ ಕೊಯ್ದಿದೆ ಎಂದು ಸಂಜೆ ಹೊತ್ತು ಮಿಕ್ಸಿ ಹಾಕುವ ಇಡೀ ಓಣಿಯನ್ನು ಬೈದರು. ಕೊನೆಗೆ ಮೇಷ್ಟ್ರೇ ಗುಟ್ಟು ಹೇಳಿದ್ದು. 1672ರಲ್ಲಿ ಜಾನ್ ರಿಷೇ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸಿನಲ್ಲಿ ಸರಿಯಿದ್ದ ಗಡಿಯಾರವನ್ನು ಸಮಭಾಜಕದ ಹತ್ತಿರದ ಕೇಯೆನ್ನಿಗೆ ಒಯ್ದಾಗ ಅದೂ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬಿದ್ದಿತ್ತು. ಸಮಭಾಜಕದ ಕಡೆ ಭೂಮಿ ಉಬ್ಬಿದೆ, ತಿರುಗುವ ವೇಗವೂ ಹೆಚ್ಚು, ಹಾಗಾಗಿ ಸೆಳೆತ ಕಡಿಮೆ. 99.4 ಲಂಡನ್ನಿನ ಅಳತೆ. ನಮ್ಮ ದುರ್ಗಕ್ಕೆ ಮೂರು ಮಿಲಿಮೀಟರ್ ಕಡಿಮೆ ಸಾಕು. ದೊಡ್ಡಪ್ಪ ಅವತ್ತು ಚಾ ಅಂಗಡಿಗೆ ಬಂದು, ‘ತಪ್ಪು ನಂದಲ್ಲ, ಭೂಮೀದು’ ಎಂದು ಸಾರಿದರು. ಊರಿನ ಇತಿಹಾಸದಲ್ಲಿ ತನ್ನ ಕೆಲಸ ಕೆಟ್ಟದ್ದಕ್ಕೆ ಇಷ್ಟು ದೊಡ್ಡ ನೆಪ ಯಾರಿಗೂ ಸಿಕ್ಕಿರಲಿಲ್ಲ.

ಅದು ಸರಿಹೋಗುವಷ್ಟರಲ್ಲಿ ಬೇಸಿಗೆ ಬಂತು. ಉಕ್ಕಿನ ಸರಳು ಹತ್ತು ಡಿಗ್ರಿ ಕಾದರೆ ಹಿಗ್ಗಿ, ಗಡಿಯಾರ ದಿನಕ್ಕೆ ಐದು ಸೆಕೆಂಡು ಸೋಲುತ್ತದೆ. ಕಾವಿಗೆ ಹೆಚ್ಚುಕಡಿಮೆ ಜಗ್ಗದ ಇನ್‌ವಾರ್ ಎಂಬ ಮಿಶ್ರಲೋಹ ಕಂಡುಹಿಡಿದ ಗುಯೋಮ್‌ಗೆ 1920ರಲ್ಲಿ ನೊಬೆಲ್ ಬಂತು ಎಂದು ಕೇಳಿ ದೊಡ್ಡಪ್ಪ ನಿಟ್ಟುಸಿರು ಬಿಟ್ಟರು: ‘ಅಂವಗ ನೊಬೆಲ್ ಕೊಟ್ರು. ನನಗ ನಿಮ್ಮ ದೊಡ್ಡವ್ವ ಎರಡನೇ ಚಾ ಕೊಡವಲ್ಲಳು.’

ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಜಾತ್ರೆ. ಹಾಲಮ್ಮನ ತೋಪಿನ ಕಡೆಗೆ ಟ್ರಾಕ್ಟರುಗಳ ಸಾಲು ಹೊರಟರೆ ಗೋಡೆ ನಡುಗಿ ಲೋಲಕದ ನಡೆ ಕೆಡುತ್ತದೆ. ಜನರೆಲ್ಲ ಅಮ್ಮನಿಗೆ ಕೈಮುಗಿಯುವ ಹೊತ್ತಿನಲ್ಲಿ ದೊಡ್ಡಪ್ಪ ಗೋಡೆಗೆ ಕೈಕೊಟ್ಟು ನಿಂತಿರುತ್ತಾರೆ.

ಇನ್ನು ಆಕಾಶವಾಣಿಯ ‘ಪೀಂ’. ವರ್ಷಗಟ್ಟಲೆ ಅದನ್ನೇ ನಂಬಿ ಗಡಿಯಾರ ತಾಳೆ ನೋಡುತ್ತಿದ್ದರು. ರೇಡಿಯೋ ಕೆಟ್ಟಾಗ ಮೊಮ್ಮಗ ಮೊಬೈಲಿನಲ್ಲಿ ಹಾಕಿಕೊಟ್ಟ. ಇಂಟರ್‌ನೆಟ್ಟಿನಲ್ಲಿ ಸುತ್ತಿ ಬರುವ ಪೀಂ ಹಲವು ಸೆಕೆಂಡು ತಡ ಎಂಬುದನ್ನು ಅವನು ಹೇಳಲಿಲ್ಲ. ಒಂದೇ ರಾತ್ರಿಯಲ್ಲಿ ಗಡಿಯಾರ ಮುಂದೆ ಓಡಿತೆಂದು ದೊಡ್ಡಪ್ಪ ನಟ್ಟು ಇಳಿಸಿ ಇಳಿಸಿ, ತಿಂಗಳ ಕೆಲಸವನ್ನು ವಾರದಲ್ಲಿ ಕೆಡಿಸಿಕೊಂಡರು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಭೂಮಿಯೂ ಅಲ್ಲ, ಬೇಸಿಗೆಯೂ ಅಲ್ಲ, ಸರ್ಕಾರ. ಗಡಿಯಾರ ಶುರುವಾದಾಗಲೇ ಹಿತ್ತಾಳೆ ಡಯಲ್ಲಿನ ಮೇಲೆ ‘ಉಚ್ಚಂಗಿದುರ್ಗ, ದಾವಣಗೆರೆ ಜಿಲ್ಲೆ’ ಎಂದು ಕೆತ್ತಿದ್ದರು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿದ್ದ ನಮ್ಮ ಹರಪನಹಳ್ಳಿ ತಾಲ್ಲೂಕು, ಸಂವಿಧಾನದ 371 ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಬಳಿಕ, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು. ದೊಡ್ಡಪ್ಪ ಅರ ಹಿಡಿದು ಉಜ್ಜಿ, ‘ಬಳ್ಳಾರಿ’ ಕೆತ್ತಿದರು. ಪಾಲಿಶ್ ಆರುವಷ್ಟರಲ್ಲಿ 2021 ಬಂತು, ವಿಜಯನಗರ ಜಿಲ್ಲೆ ಆಯಿತು. ಮತ್ತೆ ಉಜ್ಜಿದರು. ಈಗ ಆ ಜಾಗದಲ್ಲಿ ತಗಡು ಎಷ್ಟು ತೆಳ್ಳಗಾಗಿದೆಯೆಂದರೆ ಇನ್ನೊಂದು ಜಿಲ್ಲೆ ತಡೆಯುವುದಿಲ್ಲ. ‘1953ರ ತನಕ ನಮ್ಮಪ್ಪ ಮದ್ರಾಸ್ ಪ್ರಾಂತ್ಯದವ. ಮನಿ ಅದ, ಹೊಸ್ತಲ ಅದ. ನಿಂತಲ್ಲೇ ಇಷ್ಟು ತಿರುಗಿದ ಊರಾಗ ಗಡಿಯಾರ ಹೆಂಗ ನೆಟ್ಟಗ ಇರ್ತೈತಿ?’ ಎಂಬುದು ಅವರ ವಾದ.

ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ ‘ಬರೋ ಶನಿವಾರ’ ಎನ್ನುತ್ತಾರೆ. ಅದಕ್ಕೂ ಆಧಾರವಿದೆ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟಿದ್ದ ನಮ್ಮ ಬೆಟ್ಟದ ಕೋಟೆಯನ್ನು ಹೊಯ್ಸಳರ ಇಮ್ಮಡಿ ಬಲ್ಲಾಳ ಸುಲಭವಾಗಿ ಗೆದ್ದನೆಂದು ಶಾಸನ ಹೊಗಳುತ್ತದೆ. ಗಿರಿದುರ್ಗಮಲ್ಲ, ಶನಿವಾರಸಿದ್ಧಿ ಎಂಬ ಬಿರುದುಗಳು ಅವನವು. ಹುಡುಗರು ದೊಡ್ಡಪ್ಪನಿಗೂ ಅದೇ ಬಿರುದು ಕೊಟ್ಟಿದ್ದಾರೆ. ಅವರು ಸಿಟ್ಟಾಗುವುದಿಲ್ಲ. ‘ಚೋಳರಿಗೆ ಹನ್ನೆರಡು ವರ್ಸ ಕೊಟ್ಟೀರಿ, ನನಗ್ಯಾಕ ಅವಸರ ಮಾಡ್ತೀರಿ?’ ಎನ್ನುತ್ತಾರೆ.

ನಿಜ ಹೇಳಬೇಕೆಂದರೆ ಗಡಿಯಾರ ಮುಗಿದಿದೆ. ಕೊಟ್ಟಿಗೆಯ ಗೋಡೆಯ ಮೇಲೆ ಲೋಲಕ ಹಗಲೂ ರಾತ್ರಿ ಆಡುತ್ತಿದೆ, ಹಲ್ಲುಗಳು ಒಂದನ್ನೊಂದು ಕಚ್ಚದೆ ದಾಟುತ್ತಿವೆ. ತಾಳೆ ನೋಡಲು ಹಾಕಿದ್ದ ಮುಳ್ಳುಗಳು ಮಾತ್ರ ಈಗ ಇಲ್ಲ. ಕೊಯ್ದು, ಉಜ್ಜಿ, ಹೊಳಪು ಕೊಟ್ಟ ಎರಡು ಮುಳ್ಳು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿವೆ. ಯಾಕೆಂದು ಕೇಳಿದೆ.

‘ಮುಳ್ಳು ಹಾಕಿದ್ರ ಜನ ಟೈಮ್ ನೋಡಾಕ ಬರ್ತಾರ. ತಮ್ಮ ಮೊಬೈಲ್ ತೆಗೀತಾರ, ನಾಕು ಸೆಕೆಂಡ್ ತಪ್ಪೈತಿ ಅಂತಾರ. ಈಗ ಬರೇ ನೋಡಿ, ಭೇಷ್ ಅಂದು ಹೋಗ್ತಾರ.’

ಮೆಕ್ಕೆಜೋಳದ ಬಿತ್ತನೆಯ ಹೊತ್ತು. ಬೀಜದ ಚೀಲ ಹೊತ್ತು ಹೊಲಕ್ಕೆ ಹೊರಟಿದ್ದ ದೊಡ್ಡವ್ವ ಬಾಗಿಲಲ್ಲೇ ನಿಂತು ನನ್ನ ಕಡೆ ತಿರುಗಿದರು.

‘ಅದಕ್ಕ ಮುಳ್ಳು ಯಾಕಪಾ? ಇವರನ್ನ ಚುಚ್ಚಿ ಎಬ್ಬಿಸಾಕ ನಾ ಇಲ್ಲೇನು?’