ನಾ ಹೇಳೂದು ಕೇಳ್ರಿ!

ಹತ್ತರಗಿಯಲ್ಲಿ ಯಾರ ಮನೆಯ ಗೋಡೆಯಲ್ಲಿ ಕಣಜ ಗೂಡು ಕಟ್ಟಿದರೂ ಮನೆಯವರಿಗಿಂತ ಮೊದಲು ಕಾಕಾನಿಗೆ ಗೊತ್ತಾಗುತ್ತದೆ. ಅವನು ಖರೇ ಯಾರಿಗೆ ಕಾಕಾ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಇಡೀ ಓಣಿಗೆ ಕಾಕಾ. ತಲೆಗೆ ಬಿಳಿ ಟೊಪ್ಪಿಗೆ, ಹೆಗಲಿಗೆ ವಲ್ಲಿ, ಎರಡೂ ಕೈ ಬೆನ್ನ ಹಿಂದೆ. ಚಹಾ ಬಂದಾಗ ಮಾತ್ರ ಒಂದು ಕೈ ಮುಂದೆ ಬರುತ್ತದೆ. ಹೆದ್ದಾರಿಯ ಟೋಲ್ ನಾಕಾದಲ್ಲಿ ಗಾಡಿಗಳು ಕಟ್ಟುವ ಹಾಗೆ ಕಾಕಾನಿಗೂ ಕಟ್ಟಬೇಕು. ಚಹಾ ಕೊಡದೆ ಯಾವ ಕೆಲಸವೂ ಮುಂದೆ ಸರಿಯುವುದಿಲ್ಲ.

ಈ ಸಲ ಗೂಡು ಕಟ್ಟಿದ್ದು ವೈನಿಯ ಮನೆಯಲ್ಲಿ. ಕಲ್ಲು ಮಣ್ಣಿನ ಹಳೆಯ ಗೋಡೆ. ಸಂದಿಯ ಮಣ್ಣು ಉದುರಿ ಬೆರಳು ತೂರುವಷ್ಟು ತೂತು ಬಿದ್ದಿತ್ತು. ಬಾಯಿ ಸಣ್ಣದು, ಒಳಗೆ ಜಾಗ ಭರಪೂರ. ಕಣಜಗಳಿಗೆ ಇನ್ನೇನು ಬೇಕು? ತೊಲೆಯ ನಾರು ಕೆರೆದು, ಜೊಲ್ಲಿನಲ್ಲಿ ನಾದಿ, ಕಾಗದದಂಥ ಗೂಡು ಕಟ್ಟಿದವು.

“ನಾ ಹೇಳೂದು ಕೇಳ್ರಿ, ತೂತಿಗೆ ಸಿಮೆಂಟ್ ಬಡೀರಿ” ಎಂದ ಕಾಕಾ.

“ಹೋದ ವರ್ಷ ನೀವು ಹೇಳಿದ್ರೆಂತ ಬಡದಿದ್ವಿ. ಹೊರಗ ಮುಚ್ಚಿದ್ರ ಒಳಗಿನ ಸಂದಿ ಹಿಡದು ಅಡಗಿ ಮನಿಗೆ ಬಂದ್ವು.”

“ಹಂಗಾದ್ರ ಒಳಗೂ ಬಡೀಬೇಕಾಗಿತ್ತು.”

ಆಮೇಲೆ ಕುಳ್ಳಿನ ಹೊಗೆಯ ಮಾತು ಬಂತು. “ಹುಷಾರ್! ಜೇನು ಒಮ್ಮೆ ಕಡದು ಮುಳ್ಳು ಬಿಟ್ಟು ಸಾಯ್ತೈತಿ. ಕಣಜ ಮತ್ತ ಮತ್ತ ಕಡೀತೈತಿ. ಅದರಾಗೂ ಕಡಿಯೂವು ಬರೇ ಹೆಣ್ಣು” ಎನ್ನುತ್ತ ಕಾಕಾ ಎರಡು ಹೆಜ್ಜೆ ಹಿಂದೆ ಸರಿದ.

“ದುಡಿಯೂವೂ ಅವ ಅಲ್ರಿ ಕಾಕಾ? ಗಂಡು ಏನ್ ಮಾಡ್ತಾವು?” ಎಂದಳು ವೈನಿ. ಕಾಕಾ ಚಹಾ ಕುಡಿದ.

ಚಹಾ ಇಳಿದ ಮೇಲೆ ಕೊನೆಯ ಅಸ್ತ್ರ ಹೊರಬಂತು: “ರಾಣಿನ್ನ ಹಿಡದು ಕೊಲ್ರಿ, ಉಳಿದವು ದಿಕ್ಕಾಪಾಲಾಗ್ತಾವು.”

ಬೆಳಗಾವಿಯಲ್ಲಿ ಬಿ.ಎಸ್ಸಿ. ಓದುವ ವೈನಿಯ ಮಗಳು ಸುಮ್ಮನಿರಲಿಲ್ಲ. ಅವಳು ಹೇಳಿದ್ದಿಷ್ಟು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಟ್ಟಲೆ ಇಂಥ ಕಣಜಗಳನ್ನೇ ನೋಡಿದವರು. ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಒಂದೇ ಜಾತಿಯ ಮೇಲೆ 2001ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆ ಜಾತಿಯ ರಾಣಿ ಬಲು ಸಾಧು. ಅವಳನ್ನು ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯರಲ್ಲೇ ಒಬ್ಬಳು ಉಳಿದವರ ಮೇಲೆ ಏರಿ ಹೋಗಿ ಜಬರದಸ್ತು ನಡೆಸುತ್ತಾಳೆ, ಮುಂದೆ ಅವಳೇ ರಾಣಿ.

“ನಾನೂ ಅದನ್ನ ಹೇಳಾಕತ್ತೇನಿ” ಎಂದ ಕಾಕಾ.

ವೈನಿ ಯಾರಿಗೂ ಏನೂ ಹೇಳಲಿಲ್ಲ. ಕಣಜಗಳೆಲ್ಲ ಗೂಡು ಸೇರುವಷ್ಟು ಕತ್ತಲಾಗಲಿ ಎಂದು ಕಾದು, ಕಬ್ಬಿಗೆ ಔಷಧ ಹೊಡೆಯುವ ಪಂಪಿನಲ್ಲಿ ಸಾಬೂನು ನೀರು ತುಂಬಿ, ಕಂಬಳಿ ಹೊದ್ದು ನಿಂತಳು. ಬೆಳಕು ಹಿಡಿಯಲು ಜನ ಬೇಕಿತ್ತು. ಆವೇಶದಲ್ಲಿ ಕಾಕಾ ಬ್ಯಾಟರಿ ಇಸಿದುಕೊಂಡ. ತಪ್ಪಿಸಿಕೊಂಡ ನಾಲ್ಕಾರು ಕಣಜಗಳು ಬೆಳಕನ್ನೇ ಹಿಡಿದು ಹಾರಿದವು. ಬೆಳಕಿನ ಹಿಂದೆ ಕಾಕಾನ ಕಿವಿ ಇತ್ತು. ವೈನಿ ಬೆಳಿಗ್ಗೆ ಗೂಡು ಕಿತ್ತು ಬಿಸಾಕಿ, ಸಂದಿಗೆ ಒಳಗೂ ಹೊರಗೂ ಗಿಲಾವು ಮಾಡಿ, ರೊಟ್ಟಿ ಬಡಿಯಲು ಕೂತಳು.

ಎರಡು ದಿನ ಕಾಕಾ ಹೊರಗೆ ಬರಲಿಲ್ಲ. ಅಷ್ಟರಲ್ಲಿ, ಇಷ್ಟು ವರ್ಷ ಅವನ ಪಕ್ಕದಲ್ಲಿ ಕೂತು “ಹೌದ ಹೌದ” ಎನ್ನುತ್ತಿದ್ದ ಮಾಮಾ ಎದ್ದು ನಿಂತ: “ಬ್ಯಾಟರಿಗೆ ಕೆಂಪ ಕಾಗದಾ ಸುತ್ತಬೇಕಾಗಿತ್ತು. ಹುಳಕ್ಕ ಕೆಂಪು ಕಾಣೂದಿಲ್ಲ. ನನ್ನ ಯಾರ ಕೇಳ್ತಾರ?”

ಮೂರನೆಯ ದಿನ ಕಿವಿಗೆ ಸುಣ್ಣ ಹಚ್ಚಿಕೊಂಡು ಕಾಕಾ ಬಂದ. ಕಣಜಗಳಲ್ಲಾದರೆ ರಾಣಿ ಬೇಗ ಮರಳಿದಾಗ ಏರಿ ಬಂದವಳು ತೆಪ್ಪಗೆ ಕೆಲಸಕ್ಕೆ ಹೋಗುತ್ತಾಳಂತೆ. ಮಾಮಾ ಹೋಗಲಿಲ್ಲ. ವೈನಿ ಈಗ ಎರಡು ಕಪ್ಪು ಚಹಾ ಇಡುತ್ತಾಳೆ.