ಗಾಜಿನ ತೊಟ್ಟಿಯ ಅರ್ಥಶಾಸ್ತ್ರ: ಗಪ್ಪಿ ಮರಿಗಳ ಪಾಲನೆಯಲ್ಲಿ ಸಪ್ತಾಂಗ ವಿಚಾರ

ಕೌಟಿಲ್ಯನ ಮನೆಯಲ್ಲಿ ಮೀನಿನ ತೊಟ್ಟಿ ಇತ್ತೆಂಬುದು ಈ ಪ್ರಬಂಧದ ಪ್ರತಿಜ್ಞೆ. ಹೇತುಗಳು ಮೂರು. ದಂಡ ಹಿಡಿಯುವವನಿಲ್ಲದ ಕಡೆ ಬಲವಂತನು ದುರ್ಬಲನನ್ನು ನುಂಗುವ ಮತ್ಸ್ಯನ್ಯಾಯ ತಲೆಯೆತ್ತುತ್ತದೆ ಎನ್ನುತ್ತಾನೆ. ನೀರೊಳಗಿನ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದ ಹಾಗೆ ಅಧಿಕಾರಿ ಯಾವಾಗ ಹಣ ನುಂಗಿದನೆಂದೂ ತಿಳಿಯದು ಎನ್ನುತ್ತಾನೆ. ರಾಜಕುಮಾರರು ಏಡಿಯ ಹಾಗೆ ಹೆತ್ತವರನ್ನೇ ತಿನ್ನುವ ಜಾತಿ ಎಂಬ ಆಚಾರ್ಯ ಭಾರದ್ವಾಜನ ಮತವನ್ನೂ ಎತ್ತಿ ಹೇಳುತ್ತಾನೆ. ರಾಜ್ಯಭಾರದ ಬಗ್ಗೆ ಬರೆಯಲು ಕೂತವನಿಗೆ ಮತ್ತೆ ಮತ್ತೆ ಜಲಚರಗಳೇ ಏಕೆ ನೆನಪಾಗಬೇಕು? ಬರೆಯುವ ಮಣೆಯ ಎದುರಿಗೇ ತೊಟ್ಟಿ ಇದ್ದಿರಬೇಕು.

ಇಲ್ಲೊಂದು ಪೂರ್ವಪಕ್ಷ. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಪ್ರಾಣಿಶಾಸ್ತ್ರಜ್ಞ ಪೀಟರ್ಸ್ 1859ರಲ್ಲಿ ಅದನ್ನು ವರ್ಣಿಸಿದ್ದು ವೆನೆಜುವೆಲಾದ ಕರಾಕಸ್‌ನಿಂದ ಬಂದ ಮಾದರಿ ನೋಡಿ. ಟ್ರಿನಿಡಾಡ್‌ನಿಂದ ಮಾದರಿ ಕಳಿಸಿದ ಲೆಚ್‌ಮಿಯರ್ ಗಪ್ಪಿಯ ಹೆಸರನ್ನು ಗುಂಥರ್ 1866ರಲ್ಲಿ ಅದಕ್ಕಿಟ್ಟ. ಮೊದಲು ಹೆಸರಿಟ್ಟವನದೇ ಹಕ್ಕು ಎಂಬ ನಿಯಮದಿಂದ ಆ ಹೆಸರು ಶಾಸ್ತ್ರದಲ್ಲಿ ಬಿದ್ದುಹೋಗಿ ಜನರ ಬಾಯಲ್ಲಿ ಮಾತ್ರ ಉಳಿಯಿತು. ಭಾರತಕ್ಕೆ ಇದನ್ನು ಸೊಳ್ಳೆಯ ಮರಿಹುಳು ತಿನ್ನಲೆಂದು ತರಿಸಿದವರು ಬ್ರಿಟಿಷರು, ಅದೂ 20ನೇ ಶತಮಾನದ ಆರಂಭದಲ್ಲಿ. ಪಾಟಲಿಪುತ್ರದಲ್ಲಿ ಎಲ್ಲಿಂದ ಬರಬೇಕು?

ಸಮಾಧಾನ ಸುಲಭ. ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಅರ್ಥಶಾಸ್ತ್ರದ ಓಲೆಗರಿಯನ್ನು ಗುರುತಿಸಿದ್ದು 1905ರಲ್ಲಿ, ಅಚ್ಚು ಹಾಕಿಸಿದ್ದು 1909ರಲ್ಲಿ. ಶಾಸ್ತ್ರವೂ ಅದರ ಉದಾಹರಣೆಯೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಈ ದೇಶದಲ್ಲಿ ಕಣ್ಣಿಗೆ ಬಿದ್ದವು. ಇದನ್ನು ಕಾಕತಾಳೀಯ ಎನ್ನುವವರು ಪಿಎಚ್‌.ಡಿ.ಗೆ ಲಾಯಕ್ಕಿಲ್ಲ.

ಇನ್ನು ಕೌಟಿಲ್ಯ ಹೇಳುವ ರಾಜ್ಯದ ಏಳು ಅಂಗಗಳು. ಸ್ವಾಮಿ ಎಂದರೆ ಮನೆಯ ಯಜಮಾನ. ಅವನ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ, ಕರೆಂಟ್ ಬಿಲ್ ಕಟ್ಟುತ್ತಾನೆ. ರಾಜ್ಯದ ನಿಜವಾದ ಸಮಸ್ಯೆ ರಾಣಿಯದು. ಗಪ್ಪಿ ಮೊಟ್ಟೆಯಿಡದೆ ಮರಿಯನ್ನೇ ಹಾಕುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಹೊಟ್ಟೆಯ ಹಿಂತುದಿಯ ಮಚ್ಚೆ ಕಪ್ಪಾಗಿ, ಹೊಟ್ಟೆ ಚೌಕವಾದಾಗ ದಿನ ತುಂಬಿತೆಂದು ತಿಳಿಯಬೇಕು. ಇಪ್ಪತ್ತು ಮೂವತ್ತು ಮರಿ ಸಾಮಾನ್ಯ, ದೊಡ್ಡ ಹೆಣ್ಣು ನೂರನ್ನೂ ದಾಟಬಹುದು. ಹೆತ್ತ ಮರುಕ್ಷಣವೇ ಆಕೆ ತಿರುಗಿ ನಿಂತು ಯುವರಾಜರನ್ನು ತಿನ್ನಲು ತೊಡಗುತ್ತಾಳೆ. ಭಾರದ್ವಾಜನ ಏಡಿ ಇಲ್ಲಿ ತಲೆಕೆಳಗಾಯಿತು. ಆಕೆಯನ್ನು ದೂಷಿಸುವಂತಿಲ್ಲ, ಬಾಯಿಗೆ ಹಿಡಿಸುವಷ್ಟಿದ್ದು ಅಲ್ಲಾಡುವುದೆಲ್ಲ ಆಹಾರ ಎಂಬುದು ಅವಳ ಸಿದ್ಧಾಂತ, ಸಂಬಂಧ ವಿಚಾರಿಸುವ ಪದ್ಧತಿ ಅವಳಲ್ಲಿಲ್ಲ. ಎಷ್ಟು ತಿಂದಳೆಂಬ ಲೆಕ್ಕವೂ ಸಿಗದು. ಮರಿಗಳೆಲ್ಲಿ ಎಂದರೆ ಪಾಚಿಯೊಳಗಿರಬಹುದು ಎನ್ನುವ ಮುಖ ಮಾಡಿಕೊಂಡು ಈಜುತ್ತಿರುತ್ತಾಳೆ. ಕೌಟಿಲ್ಯನ ಎರಡನೆಯ ಮೀನು ಇದೇ.

ಆದ್ದರಿಂದ ದುರ್ಗವೇ ಮುಖ್ಯ. ಇದರಲ್ಲಿ ಎರಡು ಪಂಥ. ಪೆಟ್ಟಿಗೆವಾದಿಗಳು ಬಸುರಿಯನ್ನು ಸೀಳುತಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೊಟ್ಟಿಯೊಳಗೇ ತೇಲಿಬಿಡುತ್ತಾರೆ; ಮರಿಗಳು ಸೀಳಿನಿಂದ ಕೆಳಗಿಳಿದು ಪಾರಾಗುತ್ತವೆ. ವಾದ ಅಚ್ಚುಕಟ್ಟು, ಆದರೆ ಅಂಗೈಯಗಲದ ಜೈಲಿನಲ್ಲಿ ರಾಣಿ ಗಾಬರಿಗೊಳ್ಳುತ್ತಾಳೆ, ಹೆರಿಗೆ ತಡವಾಗುತ್ತದೆ, ಕೆಲವೊಮ್ಮೆ ಜೀವಕ್ಕೇ ಅಪಾಯ. ಪಾಚಿವಾದಿಗಳು ಜಾವಾ ಪಾಚಿಯನ್ನು ದಟ್ಟವಾಗಿ ಬೆಳೆಸಿ, ಮೇಲೆ ಅಂತರಗಂಗೆ ತೇಲಿಬಿಟ್ಟು, ಅದರ ಜೋಲುಬೇರುಗಳ ನಡುವೆ ಮರಿಗಳು ಅಡಗಲಿ ಎನ್ನುತ್ತಾರೆ. ಜಲದುರ್ಗ, ವನದುರ್ಗ ಎರಡನ್ನೂ ಕೌಟಿಲ್ಯ ಬೇರೆ ಬೇರೆಯಾಗಿ ಹೇಳಿದ್ದ; ಇವರು ಒಂದರೊಳಗೊಂದನ್ನು ಕಟ್ಟಿದರು. ನಮ್ಮ ಸಿದ್ಧಾಂತ: ದಿನ ತುಂಬಿದ ಹೆಣ್ಣನ್ನು ಪಾಚಿ ತುಂಬಿದ ಸಣ್ಣ ತೊಟ್ಟಿಗೆ ಸಾಗಿಸಿ, ಹೆರಿಗೆಯಾದ ಕೂಡಲೇ ಗೌರವದಿಂದ ತವರಿಗೆ ಕಳಿಸಿಕೊಡುವುದು.

ಅಮಾತ್ಯನೆಂದರೆ ಫಿಲ್ಟರ್. ಹಗಲಿರುಳು ದುಡಿಯುತ್ತಾನೆ, ಕೊಳೆಯನ್ನೆಲ್ಲ ತಾನೇ ನುಂಗುತ್ತಾನೆ, ಜೊತೆಗೆ ಪ್ರಜೆಗಳನ್ನೂ. ಅರ್ಧ ಸೆಂಟಿಮೀಟರಿಗಿಂತ ತುಸು ಉದ್ದದ ಮರಿ ಮೋಟಾರಿನ ಎಳೆತಕ್ಕೆ ಸಿಕ್ಕಿದರೆ ಮುಗಿಯಿತು. ಬಾಯಿಗೆ ಸ್ಪಂಜು ಕಟ್ಟಿದ ಅಮಾತ್ಯನೇ ಕ್ಷೇಮ.

ಜನಪದ ಎಂದರೆ ನೀರು. ಬೆಂಗಳೂರಿನಲ್ಲಿ ಕಾವೇರಿ ನಲ್ಲಿಯ ನೀರನ್ನು ನೇರ ಸುರಿದರೆ ಕ್ಲೋರಿನ್ ತಾಗಿ ರಾಜ್ಯವೇ ನಾಶ. ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಹಾಕಬೇಕು. ಬೋರ್‌ವೆಲ್ಲಿನ ಗಡುಸು ನೀರನ್ನು ನಾವು ಬೈದರೂ ಗಪ್ಪಿಗೆ ಅದು ಒಗ್ಗುತ್ತದೆ. ಬಚ್ಚಲಲ್ಲಿ ಸಾಲಾಗಿ ನಿಂತ ಬಕೆಟ್ಟುಗಳ ಕುರಿತು ಮನೆಯೊಡತಿಯ ಪೂರ್ವಪಕ್ಷವೊಂದಿದೆ: “ರೀ, ಸ್ನಾನಕ್ಕೆ ನಾನು ಮೀನಾಗಬೇಕಾ?” ಇದಕ್ಕೆ ಸಮಾಧಾನ ಯಾವ ಭಾಷ್ಯದಲ್ಲೂ ದೊರೆಯಲಿಲ್ಲ.

ಕೋಶ ತುಂಬಿದ್ದರೆ ಮರಿ ತಿಂಗಳಲ್ಲಿ ಮೈತುಂಬಿಕೊಳ್ಳುತ್ತದೆ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಕೊಡುವುದು ಹಳೆಯ ಸಂಪ್ರದಾಯ. ಕೈ ಸ್ವಲ್ಪ ದೊಡ್ಡದಾದರೆ ಉಳಿದದ್ದು ಕೊಳೆತು ಅಮೋನಿಯ ಏರುತ್ತದೆ. ದಾನಶೂರರಿಂದ ಸತ್ತ ಮರಿಗಳು ಹಸಿವಿನಿಂದ ಸತ್ತವಕ್ಕಿಂತ ಹೆಚ್ಚೆಂದು ನಮ್ಮ ಗುಮಾನಿ. ಆರ್ಟಿಮಿಯಾ ಎಂಬ ಪುಟ್ಟ ಸಿಗಡಿಯ ಮೊಟ್ಟೆಗಳನ್ನು ಉಪ್ಪುನೀರಿನ ಬಾಟಲಿಯಲ್ಲಿ ಗಾಳಿಗುಳ್ಳೆ ಬಿಟ್ಟು ಒಂದು ದಿನ ಇಟ್ಟರೆ ಕಿತ್ತಳೆ ಬಣ್ಣದ ಜೀವಧೂಳು ಹೊರಬರುತ್ತದೆ. ಗಾಳಿ ನಿಲ್ಲಿಸಿ ತಳಕ್ಕೆ ಟಾರ್ಚ್ ಹಿಡಿದರೆ ಬೆಳಕಿಗೆ ಗುಂಪುಗೂಡುತ್ತವೆ, ಸಿಪ್ಪೆ ಮೇಲೆ ತೇಲುತ್ತದೆ. ಆ ಜೀವಧೂಳನ್ನು ಸೋಸಿ, ದಿನಕ್ಕೆ ನಾಲ್ಕೈದು ಸಲ, ಚಿಟಿಕೆಯಷ್ಟು. ಮರಿಯ ಹೊಟ್ಟೆ ಕಿತ್ತಳೆಯಾದರೆ ಬೊಕ್ಕಸ ಭದ್ರ.

ದಂಡವೆಂದರೆ ಬಲೆ. ಮರಿಗಳಿಗೆ ತಿಂಗಳು ತುಂಬುವ ಹೊತ್ತಿಗೆ ಗಂಡಿನ ಹೊಟ್ಟೆಯಡಿಯ ರೆಕ್ಕೆ ಕಡ್ಡಿಯ ಹಾಗೆ ಚೂಪಾಗುತ್ತದೆ, ಹೆಣ್ಣಿನದು ಬೀಸಣಿಗೆಯಾಗಿಯೇ ಉಳಿಯುತ್ತದೆ. ಆಗಲೇ ಬೇರ್ಪಡಿಸಬೇಕು. ಅಪ್ಪನ ಕೆಲವು ಬಣ್ಣಗಳು ವೈ ವರ್ಣತಂತುವಿನ ಮೂಲಕ ಮಗನಿಗೆ ಮಾತ್ರ ಇಳಿಯುತ್ತವೆಂದು ಡೆನ್ಮಾರ್ಕಿನ ತಳಿವಿಜ್ಞಾನಿ ವಿಂಗೆ 1922ರಲ್ಲಿ ತೋರಿಸಿದ. ಪಟ್ಟಾಭಿಷೇಕಕ್ಕೆ ಇದಕ್ಕಿಂತ ಪಕ್ಕಾ ಕಾಗದಪತ್ರ ಯಾವ ಅರಮನೆಯಲ್ಲೂ ಇರಲಿಲ್ಲ. ದಂಡನೀತಿ ತಡವಾದರೆ ಮಾತ್ರ ಕೆಲಸ ಕೆಟ್ಟಿತು. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟು, ಗಂಡಿನ ಮುಖ ನೋಡದೆ ಮತ್ತೆ ಮತ್ತೆ ಹೆರುತ್ತದೆ. ಗಂಡುಗಳನ್ನೆಲ್ಲ ಗಡೀಪಾರು ಮಾಡಿ ನೆಮ್ಮದಿಯಿಂದ ಕೂತ ಸ್ವಾಮಿಗೆ ಮುಂದಿನ ತಿಂಗಳು ಮತ್ತೆ ಮೂವತ್ತು ಪ್ರಜೆಗಳು.

ಇಲ್ಲಿ ಮಿತ್ರಾಂಗದ ಅಗತ್ಯ ಬರುತ್ತದೆ. ಹೆಚ್ಚಾದ ಮರಿಗಳನ್ನು ಕೆರೆಗೆ ಬಿಡುವುದು ನಿಷಿದ್ಧ. ಅಲ್ಲಿನ ನಮ್ಮ ಸಣ್ಣ ಮೀನುಗಳ ಅನ್ನಕ್ಕೆ ಇವು ಕಲ್ಲು ಹಾಕುತ್ತವೆ. ಉಳಿದದ್ದು ದಾನ. ಗಡಿಗೆ ತಾಗಿದವನು ಶತ್ರು, ಅವನಾಚೆಯವನು ಮಿತ್ರ ಎಂಬ ಮಂಡಲ ಸಿದ್ಧಾಂತ ಇಲ್ಲಿ ಅಕ್ಷರಶಃ ಹೊಂದುತ್ತದೆ. ಪಕ್ಕದ ಮನೆಯವರಿಗೆ ಹೋದ ಸಲವೇ ಒಂದು ಬಾಟಲಿ ತುಂಬ ಕೊಟ್ಟಾಗಿದೆ, ಈಗ ನಮ್ಮ ಚಪ್ಪಲಿ ಸದ್ದು ಕೇಳಿದರೆ ಒಳಗೆ ಟಿವಿ ಆರುತ್ತದೆ. ಅವರಾಚೆಯವರು ಇನ್ನೂ ನಗುತ್ತಾರೆ, ಆದರೆ ಅವರ ಹೆಣ್ಣಿನ ಹೊಟ್ಟೆಯೂ ಚೌಕವಾಗಿದೆ ಎಂಬ ಗೂಢಚಾರರ ವರದಿ ಬಂದಿದೆ. ತಿಂಗಳಿಗೊಂದು ಸುತ್ತಿನಂತೆ ಮಂಡಲ ಹೊರಗೆ ಸರಿಯುತ್ತಿದ್ದು, ಸದ್ಯಕ್ಕೆ ನಾಲ್ಕನೇ ಅಡ್ಡರಸ್ತೆ ಮಿತ್ರಪಕ್ಷದಲ್ಲಿದೆ.