ಬ್ಯಾಡಗಿ ಮಾರುಕಟ್ಟೆಯ ವಾನರಮೂಲ: ಒಂದು ಘನ ಪ್ರಬಂಧ

ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣದ ಹೆಸರು ದೊಡ್ಡದು. ಲಿಪ್‌ಸ್ಟಿಕ್ಕಿಗೂ ಅದರ ಕೆಂಪು ಹೋಗುತ್ತದೆ. ಆದರೆ ಆ ಕೆಂಪನ್ನು ಕಾಣುವ ಕಣ್ಣು ಎಲ್ಲಿಂದ ಬಂತೆಂದು ಈವರೆಗೆ ಯಾವ ದಲಾಲರೂ ವಿಚಾರಿಸಿದಂತಿಲ್ಲ. ಆ ಕೊರತೆ ನೀಗಲೆಂದೇ ಈ ಪ್ರಬಂಧ.

ಸುಮಾರು 3–4 ಕೋಟಿ ವರ್ಷಗಳ ಹಿಂದೆ, ಏಷ್ಯಾ-ಆಫ್ರಿಕಾದ ಮಂಗಗಳಿಗೂ ನಮಗೂ ಸಮಾನರಾದ ಪೂರ್ವಜರಲ್ಲಿ, ಎಕ್ಸ್ ವರ್ಣತಂತುವಿನ ಮೇಲಿದ್ದ, ಕಣ್ಣಿನ ಬಣ್ಣಗ್ರಾಹಿ ಪ್ರೋಟೀನಾದ ಆಪ್ಸಿನ್‌ನ ಜೀನು ಜೋಡಿಯಾಯಿತು. ಒಂದು ಪಹಣಿ ಕೇಳಿದರೆ ಎರಡು ಪ್ರತಿ ಬಂದು, ಎರಡನೆಯದರಲ್ಲಿ ನಾಲ್ಕಕ್ಷರ ಬೇರೆಯಾದ ಹಾಗೆ. ಈ ಪ್ರೋಟೀನಿನ 364 ಅಮೈನೋ ಆಮ್ಲಗಳಲ್ಲಿ 180, 277, 285ನೇ ಸ್ಥಾನದ ಮೂರು ಬದಲಾದರೆ ಸಾಕು, ಹಸಿರಿನ ಗ್ರಾಹಿ ಹೆಚ್ಚುಕಡಿಮೆ ಕೆಂಪಿನದಾಗುತ್ತದೆ. ಬ್ಯಾಡಗಿಯಿರುವ ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ; ಆದಕಾರಣ ಈ ತಿದ್ದುಪಡಿಯ ಅಧಿಸೂಚನೆ ಜಿಲ್ಲಾ ಕಚೇರಿಯಲ್ಲಿ ಸಿಗದು.

ಕೆಂಪು-ಹಸಿರು ಬೇರ್ಪಡಿಸುವ ಈ ಕಣ್ಣಿನ ಪ್ರಯೋಜನವೇನು? ಹಣ್ಣು ಆರಿಸಲಿಕ್ಕೆ ಎಂದು ಒಂದು ಪಂಥ, ಕೆಂಪು ಎಳೆಚಿಗುರು ಹುಡುಕಲಿಕ್ಕೆ ಎಂದು ಇನ್ನೊಂದು. ಎದುರಿನವರ ಬೋಳು ಮುಖ ಕೆಂಪೇರಿದ್ದು ತಿಳಿಯಲಿಕ್ಕೆ ಎಂಬುದು ಮೂರನೆಯದು. (ಇದರಲ್ಲಿ ಹುರುಳಿದೆ. ಟೆಂಡರಿನಲ್ಲಿ ದರ ಬಿದ್ದ ದಿನ ರೈತರ ಮುಖ ನೋಡಿರಿ.) ನಮ್ಮ ಸಿದ್ಧಾಂತ ಬೇರೆ: ಕಣ್ಣು ಆದದ್ದೇ ಮೆಣಸಿನಕಾಯಿಗಾಗಿ.

ಶಂಕೆ: ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದು ಸುಮಾರು ಐದುನೂರು ವರ್ಷವಷ್ಟೇ ಆಯಿತಲ್ಲ? ಸಮಾಧಾನ: ಪ್ರಕೃತಿ ಮುಂಗಡ ಕೊಟ್ಟು ಕಾದಿತ್ತು. ಅಲ್ಲದೆ ಕಾಯಿಯ ತವರಾದ ದಕ್ಷಿಣ ಅಮೆರಿಕದಲ್ಲಿ, ಹೌಲರ್ ಮಂಗನಂಥ ಕೆಲವನ್ನು ಬಿಟ್ಟರೆ, ಗಂಡುಮಂಗಗಳಿಗೆ ಕೆಂಪು-ಹಸಿರಿನ ಭೇದವೇ ತಿಳಿಯದು. ಬಣ್ಣಕ್ಕೆ ಗಿರಾಕಿಯಿಲ್ಲದ ಊರಿನಲ್ಲಿ ಯಾವ ಮಾಲು ತಾನೇ ನಿಂತೀತು?

ಪ್ರಮಾಣವೂ ಹತ್ತಿರದಲ್ಲೇ ಇದೆ. ರಾಣೆಬೆನ್ನೂರಿನಲ್ಲಿ 1974ರಿಂದ ಅಭಯಾರಣ್ಯ ಹೊಂದಿರುವ ಕೃಷ್ಣಮೃಗಕ್ಕೆ, ಬಹುತೇಕ ಸಸ್ತನಿಗಳಂತೆ, ಬಣ್ಣದ ಗ್ರಾಹಿಗಳು ಎರಡೇ; ಕೆಂಪು-ಹಸಿರಿನ ಭೇದ ಅದಕ್ಕೂ ತಿಳಿಯದು. ಅಂದಿನಿಂದ ಒಂದು ಕೃಷ್ಣಮೃಗವೂ ಬ್ಯಾಡಗಿ ಟೆಂಡರಿನಲ್ಲಿ ಚೀಟಿ ಹಾಕಿದ ದಾಖಲೆಯಿಲ್ಲ. ಹಾವೇರಿಯ ಮಂಗ್ಯಾನಿಗೆ ಕಣ್ಣಿದೆ, ಲೈಸೆನ್ಸ್ ಒಂದಿಲ್ಲ.

ಇನ್ನು ವಾರಸುದಾರಿಕೆಯ ಪ್ರಶ್ನೆ. ಗಂಡಸಿಗೆ ಎಕ್ಸ್ ವರ್ಣತಂತು ಒಂದೇ, ಅದೂ ತಾಯಿಯಿಂದ ಬಂದದ್ದು. ಅದರಲ್ಲಿ ಜೀನು ಕೆಟ್ಟಿದ್ದರೆ ಬದಲಿ ಪ್ರತಿಯಿಲ್ಲ. ವರ್ಣಾಂಧತೆ ಗಂಡಸರಲ್ಲೇ ಹೆಚ್ಚಿರುವುದು ಇದಕ್ಕೇ. ಬ್ಯಾಡಗಿಯ ಕಡ್ಡಿ, ಡಬ್ಬಿ ತಳಿಗಳ ಕೆಂಪಿನ ತರತಮ ದೂರದಿಂದಲೇ ಹಿಡಿಯುವ ಖರೀದಿದಾರರ ಕಣ್ಣು, ಈ ಮಟ್ಟಿಗೆ, ಅವ್ವನ ಕಡೆಯ ಆಸ್ತಿ. ಅಂಗಡಿ ಬೋರ್ಡುಗಳು ಮಾತ್ರ ಅಪ್ಪನ ಹೆಸರು ಬರೆದು ‘ಆಂಡ್ ಸನ್ಸ್’ ಎನ್ನುತ್ತವೆ. ಪೇಂಟರುಗಳು ಇನ್ನು ಮುಂದೆ ಅವ್ವನ ಹೆಸರನ್ನೂ ಸೇರಿಸತಕ್ಕದ್ದು, ಅದೂ ಕೆಂಪಕ್ಷರದಲ್ಲಿ.